ಲೈನಿಗೆ ಮೊದಲು ಬರಬೇಕಾದವರು

ಬೆಂಗಳೂರಿಗೆ ಹತ್ತಿರದ ವಿಜಯಪುರದ ಪೇಟೆ ಬೀದಿಯ ಈ ಬದಿಯಲ್ಲಿ, ಬಾಡಿಗೆಗೆ ಹಿಡಿದ ಒಂದು ಮಹಡಿ ಮನೆಯಲ್ಲಿ ನಮ್ಮ ಕಚೇರಿ ಇತ್ತು. ಆ ಬದಿಯ ಹಳೆಯ ಛತ್ರದಲ್ಲಿ ಉಗ್ರಾಣ ಇತ್ತು. ನಡುವಿನ ಬೀದಿಯಲ್ಲಿ ಎರಡು ಎತ್ತಿನ ಗಾಡಿ ಎದುರಾದರೆ ಒಂದು ಪಕ್ಕಕ್ಕೆ ಸರಿದು ನಿಲ್ಲಬೇಕಾಗಿತ್ತು, ಅಷ್ಟೇ ಅಗಲ. ನಮ್ಮ ಕಿಟಕಿಯಲ್ಲಿ ಯಾರಾದರೂ ಸೀನಿದರೆ ಉಗ್ರಾಣದ ಜಗಲಿಯಿಂದ ‘ಶತಾಯುಸ್ಸು’ ಎಂಬ ಹಾರೈಕೆ ಬರುತ್ತಿತ್ತು. ಇಂಥ ಎರಡು ಕಟ್ಟಡಗಳನ್ನು ಟೆಲಿಫೋನ್ ತಂತಿಯಿಂದ ಜೋಡಿಸಿದ ಮಹಾಕಾರ್ಯಕ್ಕೆ ನಾನು ಸಾಕ್ಷಿ. ಸಾಕ್ಷಿಯೇನು, ಆ ತಂತಿಯ ಈ ತುದಿಯಲ್ಲಿ ಕೂತವನೇ ನಾನು.

ಮಹಾಯುದ್ಧ ಜೋರಾಗಿದ್ದ ಕಾಲ. ಸಿಪಾಯಿಗಳು ಆಕಾಶದಿಂದ ಕೊಡೆ ಹಿಡಿದು ಇಳಿಯುತ್ತಾರಂತೆ, ಆ ಕೊಡೆಗೆ ನಮ್ಮ ಸೀಮೆಯ ರೇಷ್ಮೆ ಬೇಕಂತೆ ಎಂಬ ಸುದ್ದಿ ಬಂದದ್ದೇ ತಡ, ರೇಷ್ಮೆಗೂಡಿನ ಮೇಲೆ ಸರ್ಕಾರದ ಕಣ್ಣು ಬಿತ್ತು. ಅಲ್ಲಿಯವರೆಗೆ ಗೂಡು ಬೆಳೆದವರು ನೂಲು ಬಿಚ್ಚುವವರ ಮನೆ ಬಾಗಿಲಿಗೆ ಹೋಗಿ, ಚೌಕಾಸಿ ಮಾಡಿ, ಕೊಟ್ಟ ಎಲೆ ಅಡಿಕೆ ಹಾಕಿಕೊಂಡು, ಮಾರಿ ಬರುತ್ತಿದ್ದರು. ಈಗ ಹಾಗೆ ಮಾರಿದವರಿಗೆ ಜೈಲು ಎಂದು ಡಂಗುರ ಹೊಡೆಸಿದರು. ಗೂಡೆಲ್ಲ ಉಗ್ರಾಣಕ್ಕೇ ಬರಬೇಕು. ಯಾರದನ್ನು ತೆಗೆದುಕೊಳ್ಳಬಹುದು, ಯಾರದನ್ನು ಕೂಡದು ಎಂದು ಹೇಳುವವರು ನಮ್ಮ ಮಹಡಿಯ ಸಾಹೇಬರು. ಹೇಳಿದ ಮೇಲೆ ತೂಕ ಹಾಕಿಸಿ ಒಳಗೆ ಬಿಟ್ಟುಕೊಳ್ಳುವವರು ಉಗ್ರಾಣದ ಸಾಹೇಬರು.

ಗೂಡಿನ ವಿಷಯ ತಿಳಿಯದವರಿಗೆ ಒಂದು ಮಾತು ಹೇಳಬೇಕು. ಗೂಡಿನೊಳಗಿನ ಹುಳ ಸುಮ್ಮನೆ ಮಲಗಿರುವುದಿಲ್ಲ, ಅದು ಚಿಟ್ಟೆಯಾಗುತ್ತಿರುತ್ತದೆ. ಹೊತ್ತಿಗೆ ಸರಿಯಾಗಿ ಬಿಸಿ ಆವಿ ಕೊಟ್ಟು ಅದನ್ನು ಸಾಯಿಸದಿದ್ದರೆ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತು ಬಿದ್ದ ಗೂಡಿನಿಂದ ಎಳೆ ಬಿಚ್ಚಲಾಗದು. ಬೆಳೆದವರು ತಿಂಗಳಿಡೀ ಸೊಪ್ಪು ಹಾಕಿದ್ದು, ನಿದ್ದೆಗೆಟ್ಟದ್ದು ಎಲ್ಲ ಅಲ್ಲಿಗೆ ಮುಗಿಯಿತು. ಹುಳಕ್ಕೆ ಭಾನುವಾರ ಗೊತ್ತಿಲ್ಲ, ಸಾಹೇಬರ ಸಹಿ ಗೊತ್ತಿಲ್ಲ. ಉಗ್ರಾಣದ ಹಿತ್ತಲಿನಲ್ಲಿ ಆವಿ ಕೋಣೆ ಇತ್ತು. ಅದರ ಬೀಗದ ಕೈ ಮಾತ್ರ ಉಗ್ರಾಣದ ಸಾಹೇಬರ ಜೇಬಿನಲ್ಲಿ ಇರುತ್ತಿತ್ತು.

ಮೊದಮೊದಲು ಎರಡು ಕಚೇರಿಗಳ ವ್ಯವಹಾರ ನಮ್ಮ ದಫೇದಾರನ ಗಂಟಲಿನಿಂದ ನಡೆಯುತ್ತಿತ್ತು. ಸಾಹೇಬರು ಮೇಜಿನಿಂದ ತಲೆ ಎತ್ತದೆ “ಬಿಟ್ಕೊಳ್ಳೋಕೆ ಹೇಳು” ಎನ್ನುವರು. ಅವನು ಕಿಟಕಿಯಲ್ಲಿ ಸೊಂಟದವರೆಗೆ ಬಾಗಿ, “ಬಿಟ್ಕಳಿ ಸ್ವಾಮೀ, ಬೂದಿಗೆರೆ ಗಾಡಿ ಬಿಟ್ಕಳೀ!” ಎಂದು ಕೂಗುವನು. ಆ ಕಡೆಯಿಂದ “ಆಯ್ತ್ ಕಣಪ್ಪೋ!” ಎಂದು ಉತ್ತರ ಬಂದುಬಿಡುತ್ತಿತ್ತು. ಇಡೀ ಸರ್ಕಾರದಲ್ಲಿ ಇಷ್ಟು ಬೇಗ ಕೆಲಸವಾಗುತ್ತಿದ್ದ ಕಚೇರಿ ಬೇರೊಂದು ಇರಲಿಕ್ಕಿಲ್ಲ. ಅದೇ ಅದಕ್ಕೆ ಮುಳುವಾಯಿತು. ಬೆಂಗಳೂರಿನಿಂದ ತನಿಖೆಗೆ ಬಂದ ಮೇಲಧಿಕಾರಿಯೊಬ್ಬರು ಈ ಕೂಗಾಟ ಕೇಳಿ ಮುಖ ಸಿಂಡರಿಸಿದರು. “ಇದೇನ್ರೀ, ಸರ್ಕಾರಿ ಕಚೇರಿಯೋ ಸಂತೆಯೋ?” ಎಂದರು. ನಮ್ಮ ಸಾಹೇಬರಿಗೂ ಉಗ್ರಾಣದ ಸಾಹೇಬರಿಗೂ ಒಟ್ಟಿಗೇ ನಾಚಿಕೆಯಾಯಿತು. ಅವರಿಬ್ಬರಿಗೆ ಏನಾದರೂ ಒಟ್ಟಿಗೇ ಆದದ್ದು ಅದೇ ಕೊನೆ ಎಂದು ಕಾಣುತ್ತದೆ.

ಟೆಲಿಫೋನ್ ಮಂಜೂರಾಯಿತು. ತಂತಿಗಳನ್ನು ಜೋಡಿಸುವ ಬೋರ್ಡು ಒಂದೇ ಸಾಕು, ಯಾವುದಾದರೂ ಒಂದು ಕಟ್ಟಡದಲ್ಲಿ ಇಟ್ಟರಾಯಿತು ಎಂದು ಬೆಂಗಳೂರಿನಿಂದ ಬಂದ ಫಿಟ್ಟರ್ ಹೇಳಿದ. ಯಾವ ಕಟ್ಟಡದಲ್ಲಿ? ಬೋರ್ಡು ಇರುವ ಮನೆ ಯಜಮಾನನ ಮನೆ, ಇಲ್ಲದ್ದು ಒಕ್ಕಲು ಮನೆ ಎಂದು ಇಬ್ಬರು ಸಾಹೇಬರೂ ಅರ್ಥ ಮಾಡಿಕೊಂಡರು. ಬೆಂಗಳೂರಿಗೆ ಪತ್ರಗಳು ಹೋದವು. ಯುದ್ಧಕಾಲದಲ್ಲಿ ಮೊಳೆಗೂ ತಾಮ್ರಕ್ಕೂ ಬರ ಇದ್ದರೂ ನಮಗೆ ಮಾತ್ರ ಎರಡು ಬೋರ್ಡು ಬಂದವು. ಮಹಡಿಯಲ್ಲಿ ಒಂದು, ಉಗ್ರಾಣದಲ್ಲಿ ಒಂದು, ನಡುವೆ ಬೀದಿಯ ಮೇಲೆ ಒಂದು ತಂತಿ. ಹೀಗಾಗಿ ನಮ್ಮ ಸಾಹೇಬರು ಮಾತಾಡಬೇಕಾದರೆ ಈ ಬೋರ್ಡಿನವನು ಆ ಬೋರ್ಡಿನವನನ್ನು ಕರೆಯಬೇಕು, ಆ ಬೋರ್ಡಿನವನು ಅವರ ಸಾಹೇಬರಿಗೆ ಕೊಡಬೇಕು. ಫಿಟ್ಟರ್ ತಲೆ ಚಚ್ಚಿಕೊಂಡು, ಕೆಲಸ ಮುಗಿಸಿ, ಬಸ್ಸು ಹತ್ತಿದ.

ಈ ಬೋರ್ಡಿಗೆ ನನ್ನನ್ನು ಕೂರಿಸಿದರು. ನನಗಿದ್ದ ಅರ್ಹತೆಯೆಂದರೆ ‘ಹಲೋ’ ಎನ್ನುವಾಗ ನಾನು ನಗುತ್ತಿರಲಿಲ್ಲ. ಆ ಬೋರ್ಡಿಗೆ ಕೂತವನು ನನ್ನ ಸ್ಕೂಲಿನ ಗೆಳೆಯ. ಮನೆಯಲ್ಲಿ ದಖನಿ ಮಾತು, ಬೀದಿಯಲ್ಲಿ ನಮ್ಮೆಲ್ಲರಿಗಿಂತ ಗಟ್ಟಿ ಕನ್ನಡ. ನಾನು ಹಿಡಿ ತಿರುಗಿಸಿದರೆ ಅವನ ಬೋರ್ಡಿನಲ್ಲಿ ಗಂಟೆ ಬಡಿಯುತ್ತಿತ್ತು. ಆ ಗಂಟೆ ನನಗೆ ತಂತಿಯಲ್ಲಲ್ಲ, ಕಿಟಕಿಯಲ್ಲೇ ಕೇಳುತ್ತಿತ್ತು. ಅವನು ತನ್ನ ಕಿಟಕಿಯಿಂದ ನನ್ನ ಮುಖ ನೋಡುತ್ತಲೇ “ಹಲೋ, ಯಾರು ಮಾತಾಡ್ತಿರೋದು?” ಎಂದು ಕೇಳುತ್ತಿದ್ದ.

ಬೋರ್ಡಿಗೆ ಪೂಜೆಯಾಯಿತು, ಕಾಯಿ ಒಡೆದರು. ಮೊದಲ ಕರೆ ಎಂದು ನಮ್ಮ ಸಾಹೇಬರು ಟೋಪಿ ಸರಿಮಾಡಿಕೊಂಡು ಕೂತರು. ನಾನು ಗೆಳೆಯನನ್ನು ಕರೆದೆ.

“ನಮ್ಮ ಸಾಹೇಬ್ರು ಮಾತಾಡ್ತಾರಂತೆ, ನಿಮ್ಮವರಿಗೆ ಕೊಡು.”

“ಕೊಡ್ತೀನಿ ಗುರು. ನಿಮ್ಮೋರು ಲೈನಿಗೆ ಬಂದ್ರಾ?”

ಸಾಹೇಬರನ್ನು ನೋಡಿದೆ. ಅವರು ಕೈ ಅಲ್ಲಾಡಿಸಿದರು. “ಅವರು ಬರಲಿ. ಬಂದು ನಿಂತ ಮೇಲೆ ನನಗೆ ಕೊಡು” ಎಂದರು.

ಗೆಳೆಯ ಒಳಗೆ ಹೋಗಿ ಬಂದ. ಅವನ ಸಾಹೇಬರೂ ಅಕ್ಷರ ತಪ್ಪದೆ ಅದನ್ನೇ ಹೇಳಿದ್ದರು.

ಕಚೇರಿಗಳ ಶಾಸ್ತ್ರ ಅದು. ಚಿಕ್ಕವರು ಮೊದಲು ಲೈನಿಗೆ ಬಂದು ಕಾಯಬೇಕು, ದೊಡ್ಡವರು ಆಮೇಲೆ ಬರಬೇಕು. ಮದುವೆಯಲ್ಲಿ ಬೀಗರನ್ನು ಎದುರುಗೊಳ್ಳುವಾಗ ಯಾರು ಮೊದಲು ಚಪ್ಪರ ದಾಟಿ ಬರಬೇಕೆಂದು ಜಗಳವಾಗುತ್ತದಲ್ಲ, ಹಾಗೆಯೇ. ಆದರೆ ಇಲ್ಲಿ ಚಿಕ್ಕವರು ಯಾರು? ನಮ್ಮ ಸಾಹೇಬರು ಸರ್ವಿಸಿನಲ್ಲಿ ಹಿರಿಯರು. ಉಗ್ರಾಣದ ಸಾಹೇಬರು ಬಿ.ಎ. ಪಾಸಾದವರು, ಸಂಬಳದಲ್ಲಿ ಒಂದು ಕೂದಲೆಳೆ ಮುಂದೆ. ಇಬ್ಬರೂ ತಾವೇ ದೊಡ್ಡವರೆಂದು ನಂಬಿದ್ದರು. ಅಂದು ನಾನೂ ಗೆಳೆಯನೂ ತಂತಿಯ ಎರಡು ತುದಿ ಹಿಡಿದು ಸುಮಾರು ಹೊತ್ತು ಕೂತೆವು. ಕೊನೆಗೆ ಅವನು “ಊಟಕ್ಕೇನು ತಂದಿದ್ದೀಯಾ?” ಎಂದು ಕೇಳಿದ. ನಾನು ಅವರೆಕಾಳು ಸಾರು ಎಂದೆ. ಸರ್ಕಾರದ ಖರ್ಚಿನ ಆ ತಂತಿಯ ಮೇಲೆ ಮೊದಲು ಹರಿದ ಸಮಾಚಾರ ಅದೇ.

ಇನ್ನು ಕೂಗಿ ಹೇಳೋಣವೆಂದರೆ ಕೂಗುವುದನ್ನು ನಿಲ್ಲಿಸಿ ಹುಕುಂ ಆಗಿತ್ತು. ಚೀಟಿ ಬರೆದು ಕಳಿಸೋಣವೆಂದರೆ ಯುದ್ಧದ ಕಾಗದದ ಬರ. ಟೆಲಿಫೋನ್ ಇರುವ ಕಚೇರಿಗಳ ನಡುವೆ ಚೀಟಿ ಕೂಡದು ಎಂದು ಇನ್ನೊಂದು ಹುಕುಂ. ಲೈಸೆನ್ಸು ಸರಿಯಾಗಿದ್ದವರ ಗೂಡನ್ನು ಉಗ್ರಾಣದವರು ಕೇಳದೆಯೇ ತೆಗೆದುಕೊಳ್ಳುತ್ತಿದ್ದರು, ತೊಂದರೆ ಇರಲಿಲ್ಲ. ಒಂದಿಷ್ಟು ತೊಡಕಿನದು ಬಂದರೆ ಮಾತ್ರ ಮಹಡಿಯ ಮಾತು ಬೇಕಾಗುತ್ತಿತ್ತು. ಆಗ ದಫೇದಾರ ಅತ್ತ ಇತ್ತ ನೋಡಿ, ದನಿ ತಗ್ಗಿಸಿ, “ಸಾಹೇಬ್ರು ಕಾಯ್ತಾವ್ರೆ, ಫೋನ್ ಎತ್ತಿ ಸ್ವಾಮೀ!” ಎಂದು ಕೂಗುತ್ತಿದ್ದ. ದನಿ ತಗ್ಗಿಸಿದರೂ ಅದು ಪೇಟೆ ದಾಟಿ ಸಂತೆ ಮೈದಾನಕ್ಕೆ ಕೇಳುತ್ತಿತ್ತು. ಪೇಟೆಯವರಿಗೆ ಇದೊಂದು ತಮಾಷೆಯಾಯಿತು. ಮನೆಯಲ್ಲಿ ಹೆಂಡತಿ ಊಟಕ್ಕೆ ಕರೆದರೆ, “ನೀನು ಮೊದ್ಲು ಲೈನಿಗೆ ಬಾರೇ” ಎಂದು ಗಂಡಸರು ಗೇಲಿ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ.

ಆ ಹೆಂಗಸು ಬಂದದ್ದು ಮೋಡ ಮುಚ್ಚಿಕೊಂಡಿದ್ದ ಆಷಾಢದಲ್ಲಿ. ಹತ್ತಿರದ ಹಳ್ಳಿಯವಳು. ಗಂಡ ಮಿಲಿಟರಿಗೆ ಸೇರಿ ಎಲ್ಲೋ ದೂರದ ದೇಶದಲ್ಲಿದ್ದ, ಬದುಕಿದ್ದಾನೆ ಎಂಬಷ್ಟು ಮಾತ್ರ ಗೊತ್ತಿತ್ತು. ಅವನು ಹೋದ ಮೇಲೆ ಮೈದುನ ಹಿಪ್ಪುನೇರಳೆ ತೋಟದ ಮೇಲೆ ಕಣ್ಣು ಹಾಕಿದ್ದ. ಹೆಂಗಸಿನ ಕೈಲಿ ಬೆಳೆ ತೆಗೆಯಲಾಗುವುದಿಲ್ಲ, ತೋಟ ನನಗೆ ಬಿಡಲಿ ಎಂದು ಪಂಚಾಯ್ತಿ ಸೇರಿಸಿದ್ದ. ಪಂಚರು ಯೋಚನೆ ಮಾಡಿ ತೀರ್ಪು ಕೊಟ್ಟಿದ್ದರು: ಈ ಒಂದು ಬೆಳೆ ಅವಳು ಬೆಳೆದು, ಉಗ್ರಾಣಕ್ಕೆ ಹಾಕಿ ಬಂದರೆ ಗಂಡ ಬರುವವರೆಗೆ ತೋಟ ಅವಳದು. ಕೆಟ್ಟರೆ ಮೈದುನನದು. ಬೆಳೆ ಬಂದಿತ್ತು. ಅಂಥ ಗೂಡನ್ನು ನಾನು ಅಪರೂಪಕ್ಕೆ ನೋಡಿದ್ದು. ಕೈಗೆ ಗಟ್ಟಿ, ಬಣ್ಣಕ್ಕೆ ಒಳ್ಳೆ ಹಳದಿ, ಅಲ್ಲಾಡಿಸಿದರೆ ಒಳಗಿನ ಹುಳ ಲೊಟಲೊಟ ಎನ್ನುತ್ತಿತ್ತು.

ಉಗ್ರಾಣದ ಬಾಗಿಲಲ್ಲಿ ಮಂಕರಿಗಳನ್ನು ಇಳಿಸಿ ಲೈಸೆನ್ಸು ಕೊಟ್ಟಳು. ಅದು ಗಂಡನ ಹೆಸರಿನಲ್ಲಿತ್ತು. ಗಂಡ ಎಲ್ಲಿ ಎಂದು ಕೇಳಿದರು. ಲಡಾಯಿಯಲ್ಲಿ ಎಂದಳು. ಅವನು ಹೋರಾಡುತ್ತಿದ್ದದ್ದು ಯಾವ ಸರ್ಕಾರಕ್ಕೋ ಆ ಸರ್ಕಾರಕ್ಕೇ ಗೂಡು ಬೇಕಾಗಿದ್ದದ್ದು. ಆದರೂ ಲೈಸೆನ್ಸುದಾರ ಖುದ್ದು ಹಾಜರಿಲ್ಲವಾದ್ದರಿಂದ ಮಹಡಿ ಸಾಹೇಬರ ಮಾತು ಬೇಕು ಎಂದು ಉಗ್ರಾಣದ ಸಾಹೇಬರು ಹೇಳಿದರು. ಅವರು ‘ಬಿಟ್ಟುಕೊಳ್ಳಿ’ ಎಂದರೆ ಸಾಕು. ಅಷ್ಟರಲ್ಲಿ ಮಂಕರಿಗಳು ಹೊಸಲು ದಾಟಿ ಜಗಲಿ ಸೇರಿದ್ದವು. ಒಳಗೆ ಬಂದ ಮಾಲನ್ನು ತೀರ್ಮಾನವಾಗದೆ ಹೊರಗೆ ಕೊಡುವಂತಿಲ್ಲ, ತೀರ್ಮಾನವಾಗದೆ ಆವಿ ಕೋಣೆಗೆ ಹಾಕುವಂತೆಯೂ ಇಲ್ಲ. ಬಿಸಿಲಿಗಾದರೂ ಹರವಿ ಹುಳ ಸಾಯಿಸಿಕೊಳ್ಳೋಣವೆಂದರೆ ಆಷಾಢದಲ್ಲಿ ಬಿಸಿಲೆಲ್ಲಿ?

ಅವಳು ಮಹಡಿ ಹತ್ತಿ ಬಂದಳು. ಸಾಹೇಬರು ಕೇಳಿದರು, ಕನಿಕರದಿಂದಲೇ ಕೇಳಿದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದಾಗಿತ್ತು.

“ಗಂಡ ಸೈನ್ಯದಲ್ಲಿದ್ದಾನೆ ಅಂದ್ರೆ ಬಿಟ್ಕೊಳ್ಳಲೇಬೇಕಮ್ಮ. ಏನೂ ಅಡ್ಡಿಯಿಲ್ಲ. ಅವರು ಲೈನಿಗೆ ಬರ್ಲಿ, ಹೇಳ್ಬಿಡ್ತೀನಿ.”

“ನಿಮ್ಮ ಕಾಲಿಗೆ ಬೀಳ್ತೀನಿ ಸ್ವಾಮಿ. ಚಿಟ್ಟೆ ಒಡೆಯೋ ಹೊತ್ತಾಗೈತೆ. ಹಿಂಗೇ ಕಿಟಕೀನಾಗೆ ಒಂದ್ ಮಾತು ಹೇಳ್ಬುಡಿ.”

“ಕೂಗೋದು ನಿಲ್ಲಿಸಿದೆಯಲ್ಲಮ್ಮ” ಎಂದರು ಸಾಹೇಬರು.

ನಾನು ಹಿಡಿ ತಿರುಗಿಸಿದೆ. ಕೈ ಸೋಲುವವರೆಗೆ ತಿರುಗಿಸಿದೆ. ಆ ಕಡೆ ಗೆಳೆಯ ಎದ್ದು ಒಳಗೆ ಹೋಗುವುದು, ತಲೆ ಅಡ್ಡ ಆಡಿಸುತ್ತ ಹೊರಗೆ ಬರುವುದು ಕಾಣುತ್ತಿತ್ತು. ತಾಳಲಾರದೆ ಮಹಡಿ ಇಳಿದು ಬೀದಿ ದಾಟಿ, ಉಗ್ರಾಣದ ಸಾಹೇಬರ ಮುಂದೆ ನಿಂತು, “ನಮ್ಮ ಸಾಹೇಬ್ರು ಬಿಟ್ಕೊಳ್ಳಿ ಅಂದಿದ್ದಾರೆ ಸಾರ್” ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಹಾಗಾದ್ರೆ ತಂತಿ ಯಾಕ್ರೀ ಹಾಕ್ಸಿರೋದು? ಅವರ ಬಾಯಲ್ಲಿ ಬರ್ಲಿ” ಎಂದರು. ಮಹಡಿಗೆ ಹಿಂತಿರುಗಿದರೆ ಇಲ್ಲಿಯೂ ಬೈಗುಳ ಕಾದಿತ್ತು. ತಾವು ಕಳಿಸದೆ ನಾನು ಹೋದದ್ದರಿಂದ ತಾವೇ ಮೊದಲು ಹೇಳಿಕಳಿಸಿದಂತೆ ಆಯಿತಲ್ಲ ಎಂದು ನಮ್ಮ ಸಾಹೇಬರಿಗೆ ಕೋಪ.

ಇದನ್ನೆಲ್ಲ ಓದಿದವರು ಈ ಇಬ್ಬರೂ ಬದ್ಧ ವೈರಿಗಳೆಂದು ತಿಳಿಯಬಹುದು. ಎಲ್ಲಿ ಬಂತು! ಸಂಜೆ ಕಚೇರಿ ಬಿಟ್ಟ ಕೂಡಲೇ ಇಬ್ಬರೂ ಕೂಡಿ ಕೆರೆ ಏರಿಯ ಮೇಲೆ ವಾಕಿಂಗ್ ಹೋಗುತ್ತಿದ್ದರು. ಒಬ್ಬರ ನಶ್ಯದ ಡಬ್ಬಿಗೆ ಇನ್ನೊಬ್ಬರು ಬೆರಳು ಹಾಕುತ್ತಿದ್ದರು. ಅಂದು ಸಂಜೆ ಅವಳು ಏರಿಗೇ ಹೋಗಿ ಅವರ ಮುಂದೆ ಕೈಮುಗಿದು ನಿಂತಳು. ನಾನೂ ಗೆಳೆಯನೂ ಹಿಂದೆಯೇ ಹೋಗಿದ್ದೆವು.

“ಇಬ್ರೂ ಇಲ್ಲೇ ಇದ್ದೀರಲ್ಲ ಸ್ವಾಮಿ. ಇಲ್ಲೇ ಒಂದ್ ಮಾತಾಡ್ಕೊಂಬುಡಿ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಗ್ರಾಣದವರು ಮೃದುವಾಗಿಯೇ, “ಆಫೀಸಿನ ವಿಷಯ ಆಫೀಸಿನಲ್ಲಮ್ಮ. ನಾಳೆ ಫೋನಿನಲ್ಲಿ ಮಾತಾಡ್ತೀವಿ” ಎಂದರು. ನಮ್ಮವರು “ಹೌದೌದು” ಎಂದು ತಲೆಯಾಡಿಸಿದರು. ಲೈನಿಗೆ ಬಾರದವರು ಏರಿಯ ಮೇಲೆ ಎಷ್ಟು ಚೆನ್ನಾಗಿ ಒಮ್ಮತಕ್ಕೆ ಬಂದರು ಎಂದು ನನಗೆ ಮೈ ಉರಿಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರಿಬ್ಬರೂ ಕೊಡಲು ಸಿದ್ಧರಿದ್ದರು, ಯಾರು ಮೊದಲು ಕೈ ಎತ್ತಬೇಕು ಎನ್ನುವುದಷ್ಟೇ ತೊಡಕು.

ಏರಿ ಇಳಿಯುವಾಗ ಗೆಳೆಯ ಒಂದು ಉಪಾಯ ತೆಗೆದ. “ಕೇಳಿಲ್ಲಿ ಗುರು. ನೀನು ನಿಮ್ಮೋರಿಗೆ ನಮ್ಮೋರು ಲೈನಿಗೆ ಬಂದವ್ರೆ ಅನ್ನು. ನಾನು ನಮ್ಮೋರಿಗೆ ನಿಮ್ಮೋರು ಬಂದವ್ರೆ ಅಂತೀನಿ. ಇಬ್ರೂ ಒಂದೇ ಸಲ ಎತ್ತಲಿ. ಎತ್ತಿದ ಮೇಲೆ ಏನ್ ಮಾಡ್ತಾರೆ, ಮಾತಾಡ್ಲೇಬೇಕಲ್ಲ?”

ಮರುದಿನ ಹಾಗೆಯೇ ಮಾಡಿದೆವು. ಕಿಟಕಿಯಲ್ಲಿ ಅವನು ಟೋಪಿ ತೆಗೆದದ್ದೇ ಸನ್ನೆ. ನಾನು ನಮ್ಮವರಿಗೆ, “ಸಾರ್, ಅವರೇ ಬಂದು ಕಾಯ್ತಾ ಇದ್ದಾರೆ” ಎಂದೆ. ಅವರ ಮುಖ ಅರಳಿದ್ದನ್ನು ನೋಡಬೇಕಾಗಿತ್ತು. ಗಂಟಲು ಸರಿಮಾಡಿಕೊಂಡು ಎತ್ತಿಕೊಂಡರು. ಆ ಕಡೆ ಅವರೂ ಎತ್ತಿಕೊಂಡರು. ಹೆಂಗಸು ಬಾಗಿಲಲ್ಲಿ ಸೆರಗಿನ ತುದಿ ಹಿಡಿದು ನಿಂತಿದ್ದಳು. ನಾನು ಬೋರ್ಡಿಗೆ ಕಿವಿ ಕೊಟ್ಟಿದ್ದೆ.

“ಹಲೋ, ಏನು ಕರೆದಿರಿ?” ಎಂದರು ನಮ್ಮವರು.

“ನಾನೆಲ್ಲಿ ಕರೆದೆ? ನೀವು ಕರೆದಿರಿ ಅಂತ ಬಂದೆ. ಹೇಳಿ, ಏನಾಗಬೇಕು?”

“ನನಗೇನೂ ಆಗಬೇಕಾಗಿಲ್ಲವಲ್ಲ. ಏನಾದರೂ ಆಗಬೇಕಾಗಿದ್ದರೆ ನಿಮಗೆ.”

“ನನಗೂ ಏನಿಲ್ಲ.”

“ಸರಿ ಹಾಗಾದರೆ.”

“ಸರಿ.”

ಇಬ್ಬರೂ ಇಟ್ಟುಬಿಟ್ಟರು. ಮೊದಲು ಮಾತೆತ್ತಿದವನು ಬೇಡುವವನಾಗುತ್ತಾನೆ ಎಂಬ ಇನ್ನೊಂದು ಶಾಸ್ತ್ರ ಇದೆಯೆಂದು ನಮಗೆ ಗೊತ್ತಿರಲಿಲ್ಲ. ಅವಳು ನನ್ನನ್ನು ನೋಡಿ, “ಮಾತಾಡ್ಕೊಂಡ್ರಲ್ಲಪ್ಪಾ, ಆಯ್ತಾ?” ಎಂದು ಕೇಳಿದಳು. ಸಾಹೇಬರು ಅಲ್ಲೇ ಕೂತಿದ್ದರು. ನಾನು ಅವರ ಕಡೆ ತಿರುಗಿ, “ಸಾರ್, ಆಕೆಯ ವಿಷಯ…” ಎಂದೆ. “ಅವರು ಎತ್ತಲೇ ಇಲ್ಲವಲ್ಲ ಆ ವಿಷಯ! ನಾನಾಗಿ ಹೇಗಯ್ಯ ಎತ್ತಲಿ?” ಎಂದು ನನ್ನನ್ನೇ ಕೇಳಿದರು. ಅವರಿಗೆ ನಿಜವಾಗಿಯೂ ಉತ್ತರ ಬೇಕಾಗಿತ್ತು. ನನ್ನ ಜೀವಮಾನದಲ್ಲಿ ಒಬ್ಬ ಮನುಷ್ಯನ ಕೆನ್ನೆಗೆ ಬಾರಿಸಬೇಕೆಂದು ಕೈ ತುರಿಸಿದ್ದು ಆ ಒಂದು ಗಳಿಗೆಯಲ್ಲಿ.

ಚಿಟ್ಟೆಗಳು ಬೆಳಗಿನ ಜಾವ ಒಡೆಯುತ್ತವೆ. ಮಾರನೆಯ ಬೆಳಿಗ್ಗೆ ನಾನು ಬರುವ ಹೊತ್ತಿಗೆ ಉಗ್ರಾಣದ ಜಗಲಿಯಲ್ಲಿ ಜನ ಸೇರಿದ್ದರು. ಮಂಕರಿಗಳ ಮೇಲೆ, ಕಂಬದ ಮೇಲೆ, ಗೋಡೆಗೆ ನೇತುಹಾಕಿದ ಬೋರ್ಡಿನ ಮೇಲೆ ಕೂಡ ಬಿಳಿ ಚಿಟ್ಟೆಗಳು ರೆಕ್ಕೆ ಅದುರಿಸುತ್ತ ಹರಿದಾಡುತ್ತಿದ್ದವು. ರೇಷ್ಮೆ ಚಿಟ್ಟೆಗೆ ಹಾರಲು ಬರುವುದಿಲ್ಲ, ಇದ್ದಲ್ಲೇ ಪಟಪಟ ಬಡಿದುಕೊಳ್ಳುತ್ತದೆ. ಅವಳು ಮಂಕರಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ತೂತು ಬೀಳದ ಗೂಡು ಎಲ್ಲಾದರೂ ಉಳಿದಿದೆಯೇ ಎಂದು ಒಂದೊಂದನ್ನೇ ಬೆರಳಲ್ಲಿ ತಿರುಗಿಸಿ ನೋಡುತ್ತಿದ್ದಳು. ಅಳುತ್ತಿರಲಿಲ್ಲ. ಗೆಳೆಯ ಅವಳ ಎದುರಿಗೆ ಕೂತು ಅವನೂ ಹುಡುಕುತ್ತಿದ್ದ. ನನ್ನನ್ನು ನೋಡಿ ಮುಖ ಬೇರೆ ಕಡೆ ತಿರುಗಿಸಿಕೊಂಡ.

ಆಗ ಗಂಟೆ ಬಡಿಯಿತು. ನಮ್ಮ ಸಾಹೇಬರು ತಾವೇ ಬೋರ್ಡಿನ ಹಿಡಿ ತಿರುಗಿಸಿದ್ದರು. ಉಗ್ರಾಣದ ಸಾಹೇಬರೂ ಓಡಿ ಬಂದು ತಾವೇ ಎತ್ತಿಕೊಂಡರು. ಯಾರು ಮೊದಲು ಬಂದರೆಂದು ಯಾರೂ ಕೇಳಲಿಲ್ಲ. ಬೆಂಗಳೂರಿಗೆ ಏನೆಂದು ಬರೆಯಬೇಕು ಎಂಬ ವಿಷಯ. ಬಲು ಬೇಗ ತೀರ್ಮಾನವಾಯಿತು. ಲೈಸೆನ್ಸುದಾರನು ಖುದ್ದು ಹಾಜರಾಗದ ಕಾರಣ ಮಾಲು ಕೆಟ್ಟಿತೆಂದು ಬರೆದರು. ನಾನು ಮಹಡಿ ಹತ್ತಿ ಬಂದಾಗ ನಮ್ಮವರು ಸಂತೋಷದಿಂದ, “ನೋಡಿದೆಯಾ, ಎಷ್ಟು ಸ್ಪಷ್ಟವಾಗಿ ಕೇಳುತ್ತೆ!” ಎಂದರು.

ತೋಟ ಮೈದುನನಿಗೆ ಹೋಯಿತು. ಪಂಚರ ತೀರ್ಪು ತೀರ್ಪೇ. ಉಗ್ರಾಣದ ಜಗಲಿಯಲ್ಲಿ ಏನಾಯಿತು ಎನ್ನುವುದು ಅವರಿಗೆ ಸಂಬಂಧಿಸಿದ್ದಲ್ಲ. ಮುಂದಿನ ಬೆಳೆಗೆ ಮೈದುನ ಗೂಡು ತಂದ. ಲೈಸೆನ್ಸು ಆಗಲೇ ಅವನ ಹೆಸರಿಗೆ ಆಗಿತ್ತು, ಖುದ್ದು ಹಾಜರಿದ್ದ, ಯಾರ ಮಾತೂ ಬೇಕಾಗಲಿಲ್ಲ. ಗೂಡು ತೆಳ್ಳಗಿತ್ತು, ಅರ್ಧಕ್ಕರ್ಧ ಕಲೆ ಬಿದ್ದದ್ದು. ಆದರೂ ಅವನು ಬೀಡಿ ಸೇದಿ ಮುಗಿಸುವಷ್ಟರಲ್ಲಿ ತೂಕವಾಗಿ ಆವಿ ಕೋಣೆ ಸೇರಿತು. ಮಂಕರಿ ಹೊತ್ತು ತಂದ ಕೂಲಿ ಹೆಂಗಸರಲ್ಲಿ ಅವಳೂ ಇದ್ದಳು. ನಾನು ಊಟಕ್ಕೆ ಇಳಿದವನು ನೋಡಿ, “ಏನಮ್ಮಾ, ಚೆನ್ನಾಗಿದ್ದೀಯಾ?” ಎಂದೆ.

ಅವಳು ತಲೆಯ ಮೇಲಿನ ಸಿಂಬಿ ಬಿಚ್ಚಿ, ಒದರಿ, ಹೆಗಲಿಗೆ ಹಾಕಿಕೊಂಡಳು.

“ಈಗ ಎಲ್ಲಾ ಸಲೀಸು ಸ್ವಾಮಿ,” ಎಂದಳು. “ನನ್ನ ಗೂಡಲ್ವಲ್ಲ.”